ಕೆಡಬಹುದಾದ ಕೈಗೆ ಆಲ್-ಇನ್ ಒಂದೇ ಮದ್ದಲ್ಲ

ಎಷ್ಟು ಬೇಕಾದರೂ ಪಣ ಕಟ್ಟಬಹುದಾದ ಪೋಕರ್ ಆಟ ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ ಮುಂದಿನ ಎಲೆಗೆ ಕೆಡಬಹುದಾದ ಕೈ ಇದ್ದರೆ ಫ್ಲಾಪ್‌ನಲ್ಲೇ (ಮೇಜಿನ ಮೇಲೆ ಮೊದಲ ಮೂರು ಎಲೆ ಬಿಚ್ಚಿದಾಗಲೇ) ಆಲ್-ಇನ್ ಹೋಗಿ, ಅಂದರೆ ಇರೋ ಚಿಪ್ಸ್ ಎಲ್ಲ ಪಣಕ್ಕಿಟ್ಟು, ಮುಗಿಸಿಬಿಡಿ ಅಂತ ಪೋಕರ್ ಲೇಖಕರೊಬ್ಬರು ಬರೆದಿದ್ದಾರೆ. ಅರ್ಧ ಮಾತ್ರ ಸರಿ.

ನಮ್ಮ ಕೈಲಿ ಕಪ್ಪು ಬಣ್ಣದ ಎರಡು ಹತ್ತು, ಫ್ಲಾಪ್‌ನಲ್ಲಿ ಹಾರ್ಟ್ಸ್ ಒಂಬತ್ತು, ಹಾರ್ಟ್ಸ್ ಎಂಟು, ಇಸ್ಪೀಟ್ ನಾಲ್ಕು ಬಂತು ಅಂದುಕೊಳ್ಳಿ. ಸದ್ಯ ನಾವು ಮುಂದಿರಬಹುದು, ಆದರೆ ಕೆಡಿಸೋ ಎಲೆಗಳು ಬೇಕಾದಷ್ಟಿವೆ. ಇಲ್ಲಿ ಸುಮ್ನೆ ಚೆಕ್ ಮಾಡಿ (ಪಣ ಕಟ್ಟದೆ ಬಿಟ್ಟು) ಎದುರಾಳಿಗೆ ಪುಕ್ಕಟೆ ಎಲೆ ಕೊಡೋದು ತಪ್ಪು, ಒಪ್ಪುತ್ತೇನೆ. ಪಾಟ್‌ನ, ಅಂದರೆ ನಡುವೆ ಕೂಡಿರೋ ಪಣದ ದುಡ್ಡಿನ, ಮೂರರಲ್ಲಿ ಎರಡು ಭಾಗ ಬೆಟ್ ಮಾಡಿದರೆ ಸಾಕು. ಆ ಬೆಟ್ ಕಾಲ್ ಮಾಡೋಕೆ (ಅಷ್ಟೇ ದುಡ್ಡು ಹಾಕಿ ಮುಂದುವರಿಯೋಕೆ) ಅವನಿಗೆ ಸುಮಾರು ಶೇ. 29 ಗೆಲ್ಲುವ ಅವಕಾಶ ಬೇಕು, ಫ್ಲಶ್ ಡ್ರಾ (ಒಂದೇ ಗುರುತಿನ ಐದು ಎಲೆಗೆ ಒಂದು ಕಡಿಮೆ ಇರೋ ಕೈ) ಮುಂದಿನ ಒಂದೇ ಎಲೆಯಲ್ಲಿ ಕೂಡೋದು ಸುಮಾರು ಶೇ. 20 ಅಷ್ಟೇ. ಆದರೆ ಫ್ಲಶ್ ಬಂದ ಮೇಲೆ ನಾವು ಇನ್ನೂ ದುಡ್ಡು ಕೊಡ್ತಾ ಹೋದರೆ ಈ ಲೆಕ್ಕವೆಲ್ಲ ತಲೆಕೆಳಗು.

ಅಸಲಿ ಪ್ರಶ್ನೆ ಪಾಟ್‌ಗೆ ಹೋಲಿಸಿದರೆ ಹಿಂದೆ ಎಷ್ಟು ಚಿಪ್ಸ್ ಉಳಿದಿದೆ ಅನ್ನೋದು. ಪಾಟ್‌ನ ಎರಡು ಪಟ್ಟು ಮಾತ್ರ ಇದ್ದರೆ ಧೈರ್ಯವಾಗಿ ಹಾಕಿ. ಹದಿನೈದು ಪಟ್ಟು ಇದ್ದಾಗ ಆಲ್-ಇನ್ ಅಂದರೆ ಕಾಲ್ ಮಾಡೋರು ಯಾರು ಹೇಳಿ? ಸೆಟ್ (ಒಂದೇ ಅಂಕಿಯ ಮೂರು ಎಲೆ) ಇರೋನು, ಜೋಡಿ ಜಾಕ್ ಇರೋನು, ಇಲ್ಲಾ ಹಾರ್ಟ್ಸ್ ಜಾಕ್-ಕ್ವೀನ್ ಹಿಡಿದೋನು, ಅವನು ಬರೀ ಡ್ರಾ ಇಟ್ಕೊಂಡೇ ನಮಗಿಂತ ತುಸು ಮುಂದಿರುತ್ತಾನೆ! ನಾವು ಸೋಲಿಸಬಹುದಾದ ಜೋಡಿ ಏಳು-ಗೀಳು ಇರೋರೆಲ್ಲ ಎಲೆ ಬಿಸಾಕಿ ಹೋಗಿರ್ತಾರೆ. ಮೂರು ನಾಲ್ಕು ಜನ ಪಾಟ್‌ನಲ್ಲಿದ್ದರಂತೂ ನಾನು ಒಂದು ಬೆಟ್ ಹಾಕಿ, ಯಾರಾದರೂ ಜೋರಾಗಿ ರೇಸ್ ಮಾಡಿದರೆ (ಬೆಟ್ ಏರಿಸಿದರೆ) ಬಿಟ್ಟುಬಿಡ್ತೀನಿ.