ಹುಲ್ಲಿಗೊಂದು ಕಾಂಪೌಂಡು

ಪರ್ತ್‌ನಲ್ಲಿ ಮನೆ ತಗೊಂಡ ಮೇಲೆ ಮುಂದೆ ಒಂದು ತೆಂಗಿನ ಸಸಿ ಇಡೋಣ ಅಂತ ನನಗೆ ಆಸೆ ಇತ್ತು. ಇಲ್ಲಿನ ಚಳಿಗಾಲ ಅದಕ್ಕೆ ಆಗಿಬರುವುದಿಲ್ಲ ಅಂದರು. ಆಗ ಕಣ್ಣಿಗೆ ಬಿದ್ದಿದ್ದು ಗ್ರಾಸ್ ಟ್ರೀ. ಸುಟ್ಟ ಕಂಬದಂಥ ಕಪ್ಪು ಕಾಂಡ, ತಲೆ ಮೇಲೆ ಕೆದರಿದ ಹಸಿರು ಜುಟ್ಟು. ಈ ನೆಲದ ಮೂಲ ಜನರಾದ ನೂಂಗಾರರು ಇದಕ್ಕೆ ಬಲ್ಗಾ ಅನ್ನುತ್ತಾರೆ, ಇದರ ಅಂಟಿನಿಂದಲೇ ಕೊಡಲಿಗೆ ಹಿಡಿ ಕೂರಿಸುತ್ತಿದ್ದರು. ಊರಲ್ಲಿ ಬಲ್ಗಾ ಅಂತ ಒಂದು ಬಡಾವಣೆಯೇ ಇದೆ.

ಇದನ್ನು ಮಾರುವುದು ಕಾಂಡದ ಎತ್ತರ ನೋಡಿ, ಹೆಚ್ಚುಕಮ್ಮಿ ರೇಷ್ಮೆ ಸೀರೆಯ ರೇಟಿನಲ್ಲಿ. ಯಾಕೆಂದರೆ ಕಾಂಡ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಅದೇ ಹೆಚ್ಚು. ಎದೆಮಟ್ಟದ ಮರ ನಮ್ಮ ತಾತನ ಓರಗೆಯದು. ನನ್ನ ಜೇಬಿಗೆ ದಕ್ಕಿದ್ದು ಮೊಣಕಾಲುದ್ದದ್ದು, ಅಂದರೆ ನನ್ನ ವಯಸ್ಸಿನದೇ ಇರಬೇಕು. ಇಲ್ಲಿ ಯಾರೂ ಕೊಸರು ಹಾಕುವುದಿಲ್ಲವಲ್ಲ, ಹಾಗಾಗಿ ಪುಟ್ಟ ಕುಂಡದ ಒಂದು ಸಸಿಯನ್ನು ನಾನೇ ದುಡ್ಡು ಕೊಟ್ಟು ಕೊಸರಿಗೆ ಅಂತ ತಂದೆ.

ದೊಡ್ಡದನ್ನು ನೆಟ್ಟ ವಾರದಲ್ಲೇ ಊರಿಂದ ಅಮ್ಮ ಬಂದಳು. ಮರವನ್ನು ಒಂದು ಸುತ್ತು ಹಾಕಿ, 'ಪೊರಕೆಗೆ ಇಷ್ಟು ದುಡ್ಡು ಕೊಟ್ಟೆಯಾ?' ಅಂದಳು.

ಪಕ್ಕದ ಮನೆಯ ಅಜ್ಜ ಬಂದು, ಕಿತ್ತು ನೆಟ್ಟ ಮರಕ್ಕೆ ತಿಂಗಳಿಗೊಮ್ಮೆ ಒಂದು ಬಕೆಟ್ ನೀರಿಗೆ ಒಂದು ಕಪ್ ಕಂದು ಸಕ್ಕರೆ ಕದಡಿ ಹಾಕು, ಎರಡು ವರ್ಷ ಬಿಡದೆ ಹಾಕು ಅಂದರು. ಇಲ್ಲಿ ಎಲ್ಲರೂ ಹೇಳುವ ಉಪಾಯ ಇದು. ಹೂ ಬೇಕಿದ್ದರೆ ಒಣಗಿದ ಎಲೆಗಳಿಗೆ ಬೆಂಕಿ ಕೊಡಬೇಕು ಅಂತಲೂ ಸೇರಿಸಿದರು, ಕಾಡ್ಗಿಚ್ಚು ಹಾದುಹೋದ ಮೇಲೆ ಇವು ಆಳೆತ್ತರದ ಹೂಗಂಬ ಬಿಡುತ್ತವಂತೆ. ಅಮ್ಮನಿಗೆ ಬೆಂಕಿಯ ಮಾತು ಸುತರಾಂ ಹಿಡಿಸಲಿಲ್ಲ, ಸಕ್ಕರೆಯದು ಮಾತ್ರ ಚೆನ್ನಾಗಿ ಹಿಡಿಸಿತು. ಆದರೆ ಸಕ್ಕರೆ ಯಾಕೆ, ತಾನು ಪೆಟ್ಟಿಗೆಯಲ್ಲಿ ತಂದ ಬೆಲ್ಲ ಇದೆಯಲ್ಲ? ತಿಂಗಳಿಗೊಮ್ಮೆ ಯಾಕೆ, ದಿನಾ ಸಂಜೆ ಹಾಕಿದರೆ ಬೇಗ ಚೇತರಿಸಿಕೊಳ್ಳುವುದಿಲ್ಲವಾ? ಹದಿನೈದು ದಿನಕ್ಕೆ ಇರುವೆಗಳು ಮರದಿಂದ ಹೊರಟು, ಹೊಸ್ತಿಲು ದಾಟಿ, ಅಡುಗೆಮನೆಯ ಬೆಲ್ಲದ ಡಬ್ಬಿಯನ್ನೇ ಪತ್ತೆ ಮಾಡಿದವು. ಬುಡಕ್ಕೇ ಬಂದವಲ್ಲ ಕಳ್ಳಮುಂಡೇವು ಅಂತ ಅಮ್ಮ ಬೈದಳು, ದಾರಿ ತೋರಿಸಿದ್ದು ತಾನೇ ಅನ್ನೋದು ಅವಳಿಗೆ ಹೊಳೆಯಲೇ ಇಲ್ಲ.

ಮರ ಮಾತ್ರ ಹಸಿರಾಗಿ ನಿಂತಿತ್ತು. ಆರು ತಿಂಗಳು ಬಂದವರಿಗೆಲ್ಲ ತೋರಿಸಿ ಬೀಗಿದೆ. ಇದರ ಕಳ್ಳಾಟ ಆಮೇಲೆ ಗೊತ್ತಾಯಿತು. ಬೇರು ಸತ್ತರೂ ಕಾಂಡದಲ್ಲಿ ಕೂಡಿಟ್ಟಿದ್ದನ್ನು ತಿಂದುಕೊಂಡು ಇದು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ! ಒಂದು ದಿನ ಅನುಮಾನ ಬಂದು ಜುಟ್ಟಿನ ನಡುವಿನ ಎಳೆ ಎಲೆಗಳನ್ನು ಮೆಲ್ಲಗೆ ಜಗ್ಗಿದೆ. ಮದುವೆಮನೆ ಸಾರಿನಿಂದ ಕರಿಬೇವು ಎತ್ತಿದಷ್ಟು ಸಲೀಸಾಗಿ ಇಡೀ ಗೊಂಚಲು ಕೈಗೆ ಬಂತು. ನಾನು ಅಷ್ಟು ದಿನ ಹೆಣಕ್ಕೆ ಬೆಲ್ಲದ ನೀರು ಕುಡಿಸಿದ್ದೆ.

ಉಳಿದಿದ್ದು ಕೊಸರಿನ ಸಸಿ. ಅದನ್ನು ಹುಲ್ಲುಹಾಸಿನ ಅಂಚಿನಲ್ಲಿ ನೆಟ್ಟಿದ್ದೆ, ಮೂರು ವರ್ಷವಾದರೂ ಅದೂ ಹುಲ್ಲಿನ ಹಾಗೇ ಇತ್ತು. ಒಂದು ಶನಿವಾರ ಮಗ ಹತ್ತು ಡಾಲರ್ ಆಸೆಗೆ ಹುಲ್ಲು ಕತ್ತರಿಸುವ ಮೆಷಿನ್ ಓಡಿಸಿದ. ಬಹಳ ನೀಟಾಗಿ, ಅಂಚನ್ನೂ ಬಿಡದೆ ಓಡಿಸಿದ. ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಅವನು ಕೈ ಚಾಚಿ ಎದುರಿಗೆ ನಿಂತಿದ್ದ. ಕೊಟ್ಟೆ, ಕೆಲಸದಲ್ಲಿ ತಪ್ಪೇನಿರಲಿಲ್ಲವಲ್ಲ.

ಎರಡು ತಿಂಗಳಿಗೆ ಅದೇ ಜಾಗದಲ್ಲಿ ನಾಲ್ಕು ಸೂಜಿ ಎಲೆ! ಸಸಿಯಾಗಿದ್ದಾಗ ಇದರ ಕುಡಿ ಮಣ್ಣಿನ ಒಳಗೇ ಅಡಗಿರುತ್ತದೆ, ಮೇಲೆ ಬೆಂಕಿ ಬಿದ್ದರೂ ಜೀವ ಉಳಿಯಲಿ ಅಂತ. ಬೆಂಕಿಗೇ ಜಗ್ಗದ್ದು ನನ್ನ ಮಗನಿಗೆ ಜಗ್ಗುತ್ತದಾ?

ಈಗ ಅದರ ಸುತ್ತ ಎರಡು ವರಸೆ ಇಟ್ಟಿಗೆ ಕಟ್ಟಿದ್ದೇನೆ. ಅಮ್ಮ ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಮೊಮ್ಮಗನಿಗಿಂತ ಮೊದಲು ಅದನ್ನೇ ಕೇಳುತ್ತಾಳೆ, ಕಾಂಡ ಬಂತೇನೋ ಅಂತ. ಮೊನ್ನೆ ಊಟಕ್ಕೆ ಬಂದಿದ್ದ ಹಾಸನದ ಸ್ನೇಹಿತರೊಬ್ಬರು ಬಗ್ಗಿ ನೋಡಿ, ಇಟ್ಟಿಗೆ ಸಂದಿಯಲ್ಲಿ ಕಳೆ ಬಂದಿದೆ ಅಂತ ಕೀಳೋಕೆ ಕೈ ಹಾಕಿದ್ದರು.