ವೆತೆತೆ ಎಂಬ ವ್ಯಥೆ

ಫ್ರೆಂಚರು ಮೌಂಟನ್ ಬೈಕಿಗೆ ಮೌಂಟನ್ ಬೈಕ್ ಅನ್ನುವುದಿಲ್ಲ. ಎಂಥ ನೆಲದ ಮೇಲೂ ಓಡುವ ಸೈಕಲ್ಲು ಎಂದು ತಮ್ಮ ಭಾಷೆಯಲ್ಲಿ ಉದ್ದಕ್ಕೆ ಹೆಸರಿಟ್ಟು, ಆಮೇಲೆ ಮೂರೇ ಅಕ್ಷರಕ್ಕೆ ಇಳಿಸಿ ‘ವೆ ತೆ ತೆ’ ಅಂದುಬಿಡುತ್ತಾರೆ. ನಾನು ಟುಲೂಸಿಗೆ ಬಂದ ಹೊಸತರಲ್ಲಿ ಆಫೀಸಿನವರೊಬ್ಬರು “ಶನಿವಾರ ಬಂದರೆ ನನಗೆ ವೆತೆತೆ” ಅಂದಾಗ, ಪಾಪ, ಮನೆಯಲ್ಲೇನೋ ವ್ಯಥೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಈಗ ಯೋಚಿಸಿದರೆ ಅವತ್ತು ನನಗೆ ಸರಿಯಾಗಿಯೇ ಕೇಳಿಸಿತ್ತು ಅನ್ನಿಸುತ್ತದೆ.

ಈ ವ್ಯಥೆಯನ್ನು ನನಗೆ ಅಂಟಿಸಿದವನು ಹುಬ್ಬಳ್ಳಿಯ ಗೆಳೆಯ. ನವೆಂಬರ್ 1 ಫ್ರಾನ್ಸಿನಲ್ಲಿ ಸರ್ಕಾರಿ ರಜೆ. ಸಕಲ ಸಂತರ ದಿನ, ಅವರ ಬಾಯಲ್ಲಿ ತೂಸ್ಯಾಂ. ಅವನ ಲೆಕ್ಕವೇ ಬೇರೆ. “ನೋಡಲೇ, ನಮ್ಮ ರಾಜ್ಯೋತ್ಸವಕ್ಕ ಇಡೀ ಫ್ರಾನ್ಸ್ ಸೂಟಿ ಕೊಟ್ಟೈತಿ” ಎಂದು ಹೊರಡಿಸಿದ. ಕೊರಳಿಗೆ ಹಳದಿ-ಕೆಂಪು ಶಲ್ಯ ಬೇರೆ. ಟುಲೂಸಿನಿಂದ ರೈಲು ಹತ್ತಿ ಕಾಓರ್ ಎಂಬ ಊರಲ್ಲಿ ಇಳಿಯುವುದು, ಬಾಡಿಗೆ ಸೈಕಲ್ ಹಿಡಿದು ಲೊಟ್ ನದಿಯ ಕಣಿವೆಗುಂಟ ಹೋಗುವುದು, ರಾತ್ರಿ ಒಂದು ಹಳ್ಳಿಮನೆಯಲ್ಲಿ ಉಳಿಯುವುದು ಎಂದು ಮಾತಾಯಿತು. ನಮ್ಮ ಕರಾವಳಿಯ ಕಡೆ ಸುಳ್ಳಿಗೆ ಲೊಟ್ಟೆ ಅನ್ನುತ್ತಾರಲ್ಲ, ಈ ನದಿಯೂ ಹಾಗೇ, ಒಂದು ಫರ್ಲಾಂಗು ನೆಟ್ಟಗೆ ಹೋಗುವುದಿಲ್ಲ. ಕಾಓರ್ ಊರನ್ನೇ ಮೂರು ಕಡೆಯಿಂದ ಸುತ್ತಿಕೊಂಡು ಹೋಗುತ್ತದೆ.

ರೈಲಿಳಿದು ಊರೊಳಗೆ ಕಾಲಿಟ್ಟರೆ ಎಲ್ಲೆಲ್ಲೂ ಸೇವಂತಿಗೆ! ಅಂಗಡಿಗಳ ಮುಂದೆ ಹಳದಿ, ಬಿಳಿ, ಕಡುಗೆಂಪು ಸೇವಂತಿಗೆಯ ಕುಂಡಗಳ ಸಾಲು. ಕೈಗೊಂದು ಕುಂಡ ಹಿಡಿದ ಜನ. ಆಯುಧಪೂಜೆಯ ಹಿಂದಿನ ದಿನದ ಮದ್ದೂರು ಪೇಟೆ ನೆನಪಾಗಿ ನನ್ನ ಕಣ್ಣು ಒದ್ದೆಯಾಯಿತು. ಹಬ್ಬವೆಂದ ಮೇಲೆ ಉಳಿಯುವ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲವೇ? ಮನೆಯೊಡತಿ ಮಾದಾಂಗೆ ಇರಲಿ ಎಂದು ಒಂದು ಹಳದಿ ಕುಂಡ ಕೊಂಡೆವು. ಅದು ಗೆಳೆಯನ ಬೆನ್ನಚೀಲದಲ್ಲಿ ಕೂತು, ಹೂವಷ್ಟೇ ಅವನ ತಲೆಯ ಹಿಂದೆ ಪ್ರಭಾವಳಿಯ ಹಾಗೆ ಕಾಣುತ್ತಿತ್ತು. ನನ್ನ ಚೀಲದಲ್ಲಿ ಅವನು ಹೊತ್ತು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಊರ ಪಕ್ಕದಲ್ಲೇ ವಾಲಾಂತ್ರೆ ಸೇತುವೆ. 1308ರಲ್ಲಿ ಕೆಲಸ ಶುರು ಮಾಡಿ ಏಳು ದಶಕ ಎಳೆದಾಡಿದ ಕಟ್ಟೋಣ, ಮೇಲೆ ಮೂರು ಗೋಪುರ. ಅಷ್ಟು ತಡವಾದದ್ದಕ್ಕೆ ಬೇಸತ್ತ ಮೇಸ್ತ್ರಿ ಸೈತಾನನ ಜೊತೆ ಕರಾರು ಮಾಡಿಕೊಂಡನಂತೆ: ನಾನು ಹೇಳಿದ್ದೆಲ್ಲ ಮಾಡಿಕೊಟ್ಟರೆ ನನ್ನ ಆತ್ಮ ನಿನಗೆ ಅಂತ. ಕೆಲಸ ಮುಗಿಯುವ ಹೊತ್ತಿಗೆ, ಜರಡಿಯಲ್ಲಿ ನೀರು ತುಂಬಿಕೊಂಡು ಬಾ ಎಂದು ಕಳಿಸಿ ಬಚಾವಾದ. ಸಿಟ್ಟಿಗೆದ್ದ ಸೈತಾನ ದಿನಾ ರಾತ್ರಿ ಗೋಪುರದ ಒಂದು ಕಲ್ಲು ಕೀಳುತ್ತಿದ್ದನಂತೆ. 1879ರ ದುರಸ್ತಿಯಲ್ಲಿ ಪೌಲ್ ಗೂ ಎಂಬ ವಾಸ್ತುಶಿಲ್ಪಿ, ಕಲ್ಲು ಕೀಳುತ್ತಿರುವ ಪುಟ್ಟ ಸೈತಾನನನ್ನೇ ಕೆತ್ತಿಸಿ ಅಲ್ಲಿ ಕೂರಿಸಿದ. ನಾವು ಕತ್ತೆತ್ತಿ ಅವನನ್ನು ಹುಡುಕುತ್ತಿದ್ದಾಗ ಎದುರು ಬಂದ ವೃದ್ಧ ದಂಪತಿ ನಮ್ಮ ಕುಂಡ ನೋಡಿ ಪಕ್ಕಕ್ಕೆ ಸರಿದು, ಮೆಲ್ಲಗೆ ತಲೆಬಾಗಿಸಿದರು. ನಾವೂ ಕೈಮುಗಿದೆವು. ಟುಲೂಸಿನಲ್ಲಿ ಮೆಟ್ರೋ ಬಾಗಿಲಲ್ಲಿ ಸರಿಯದ ಜನ, ಹಳ್ಳಿ ಕಡೆ ಎಷ್ಟು ಮರ್ಯಾದಸ್ಥರು ಅನ್ನಿಸಿತು.

ನದಿ ದಂಡೆ ಬಿಟ್ಟು ಮೇಲೇರಿದರೆ ‘ಕೋಸ್’. ಸುಣ್ಣಕಲ್ಲಿನ ಬೋಳು ಪ್ರಸ್ಥಭೂಮಿ. ಕುಳ್ಳು ಓಕ್ ಮರ, ಗಾರೆಯಿಲ್ಲದೆ ಕಲ್ಲ ಮೇಲೆ ಕಲ್ಲಿಟ್ಟ ಬೇಲಿ, ಹಾಗೇ ಕಟ್ಟಿದ ಕುರುಬರ ಗುಡಿಸಲು. ಹತ್ತುವಾಗ ಏನೂ ಆಗಲಿಲ್ಲ. ಹತ್ತುವಾಗ ಯಾರಿಗೂ ಏನೂ ಆಗುವುದಿಲ್ಲ, ಉಸಿರೊಂದು ಬಿಟ್ಟು.

ನಾನು ಸೈಕಲ್ ಕಲಿತದ್ದು ಗಂಟೆಗಿಷ್ಟು ಎಂದು ಬಾಡಿಗೆಗೆ ತಂದು, ಒಳಪೆಡ್ಲು ಹೊಡೆದು. ಅಂದಿನಿಂದ ನನ್ನ ಕೈಗೆ ಗೊತ್ತಿರುವ ಒಂದೇ ವೇದವೆಂದರೆ ಬಲಗೈ ಮುಂದಿನ ಬ್ರೇಕು, ಎಡಗೈ ಹಿಂದಿನದು. ಇಳಿಜಾರಲ್ಲಿ ಎಡಗೈ ಹಿಡಿ, ಬದುಕಿಕೋ. ಫ್ರಾನ್ಸಿನಲ್ಲಿ ಇದು ಉಲ್ಟಾ. ಎಡಗೈಗೆ ಮುಂದಿನ ಬ್ರೇಕು! ಅದೂ ಡಿಸ್ಕ್ ಬ್ರೇಕು. ನಮ್ಮ ರಬ್ಬರ್ ಕಟ್ಟೆಯ ಹಾಗೆ ಕಿರುಗುಟ್ಟಿ, ಯೋಚಿಸಿ, ಆಮೇಲೆ ನಿಲ್ಲುವ ಜಾತಿಯಲ್ಲ. ಬಾಡಿಗೆ ಕೊಟ್ಟವನು ಇದನ್ನೆಲ್ಲ ಹೇಳಿಯೇ ಇದ್ದ. ನಾನು “ವೀ, ವೀ” ಎಂದು ತಲೆಯಾಡಿಸಿಯೂ ಇದ್ದೆ. ಪರದೇಶದಲ್ಲಿ ನಾನು ತಲೆಯಾಡಿಸಿದ್ದಕ್ಕೂ ಅರ್ಥ ಮಾಡಿಕೊಂಡಿದ್ದಕ್ಕೂ ಸಂಬಂಧ ಹುಡುಕಬಾರದು.

ಮೊದಲ ಇಳಿಜಾರು. ಗೋಲಿಯಂಥ ಸುಣ್ಣಕಲ್ಲು, ಮೇಲೆ ಒದ್ದೆ ಓಕ್ ಎಲೆ. ವೇಗ ಜಾಸ್ತಿಯಾಯಿತು ಅನ್ನಿಸಿ ಅಭ್ಯಾಸಬಲದಿಂದ ಎಡಗೈ ಬಿಗಿದೆ. ಮುಂದಿನ ಚಕ್ರ ನಿಂತಿತು. ಹಿಂದಿನದು ನಿಲ್ಲಲಿಲ್ಲ. ನಾನಂತೂ ನಿಲ್ಲಲೇ ಇಲ್ಲ.

ಕಣ್ಣುಬಿಟ್ಟಾಗ ಕೆಸರಿನಲ್ಲಿ ನನ್ನ ಎರಡೂ ಅಂಗೈಗಳ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಇದೇ ಸೀಮೆಯ ಪೆಷ್ ಮೆರ್ಲ್ ಗುಹೆಯಲ್ಲಿ, ಚುಕ್ಕೆ ಕುದುರೆಗಳ ಪಕ್ಕದಲ್ಲಿ, ಇಪ್ಪತ್ತೊಂಬತ್ತು ಸಾವಿರ ವರ್ಷದಷ್ಟು ಹಳೆಯ ಅಂಗೈ ಗುರುತುಗಳಿವೆ. ಅವುಗಳನ್ನು ಚಿತ್ರಕಲೆ ಎಂದೇ ಎಲ್ಲರೂ ನಂಬಿದ್ದಾರೆ. ನನಗೆ ಅವತ್ತಿನಿಂದ ಸಣ್ಣ ಅನುಮಾನ.

“ಲೇ, ಮುಂದಿನ ಬ್ರೇಕ್ ಹಿಡದ್ಯೇನಲೇ?”

“ಇಲ್ಲ ಕಣೋ, ಹಿಂದಿಂದೇ ಹಿಡಿದೆ.”

“ಹಂಗಂದ್ರ ಮುಂದಿಂದ ಹಿಡದೀಪಾ. ಬರೋಬ್ಬರಿ ಬಿದ್ದಿ ನೋಡು. ರೊಟ್ಟಿ ಹ್ಯಾಂಗದಾವು?”

ಮಂಡಿಯಿಂದ ರಕ್ತ ಇಳಿಯುತ್ತಿದ್ದರೂ ಅವನು ಮೊದಲು ನೋಡಿದ್ದು ಚೀಲವನ್ನು. ರೊಟ್ಟಿ ಹಿಟ್ಟಾಗಿತ್ತು, ಯಾವ ಗಿರಣಿಯಿಂದ ಬಂತೋ ಅದೇ ಸ್ಥಿತಿಗೆ ಮರಳಿತ್ತು.

ಕುಂಟುತ್ತ ಕಣಿವೆಯ ಹಳ್ಳಿಯೊಂದರ ಹೋಟೆಲು ಮುಟ್ಟಿದಾಗ ಗಂಟೆ ಎರಡೂ ಕಾಲು. ಇಲ್ಲಿ ಊಟವೆಂದರೆ ಹನ್ನೆರಡರಿಂದ ಎರಡು. ಎರಡಾದ ಮೇಲೆ ಅಡುಗೆಮನೆ ಮುಚ್ಚಿತೆಂದರೆ ಗರ್ಭಗುಡಿ ಮುಚ್ಚಿದಂತೆ. ಒಡತಿ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ಹಾಕುತ್ತಿದ್ದರು. ಇಲ್ಲ ಅನ್ನಲು ಬಾಯಿ ತೆರೆದವರು ನನ್ನ ಮಂಡಿ ನೋಡಿದರು, ಅವನ ಬೆನ್ನ ಸೇವಂತಿಗೆ ನೋಡಿದರು, ಒಂದು ಕುರ್ಚಿ ಕೆಳಗಿಳಿಸಿದರು. ಬ್ರೆಡ್ಡು ಬಂತು, ವಾಲ್‌ನಟ್ ಬಂತು, ಮೂವತ್ತೈದು ಗ್ರಾಂ ತೂಗುವ ಬಿಲ್ಲೆಯಂಥ ರೊಕಮಡೂರ್ ಮೇಕೆಹಾಲಿನ ಚೀಸ್ ಬಂತು. ರೊಟ್ಟಿಪುಡಿ ಉದುರಿಸಿ, ಶೇಂಗಾ ಚಟ್ನಿ ಹಚ್ಚಿ ತಿಂದೆವು. ಬೆಣ್ಣೆ ಹಚ್ಚಿದ ಹಾಗೇ ಇತ್ತು. ದುಡ್ಡು ಕೊಡಹೋದರೆ ಕೈ ಅಡ್ಡ ಹಿಡಿದು “ಬೋಂ ಕುರಾಜ್” ಅಂದರು. ಧೈರ್ಯವಾಗಿರಿ ಎಂದರ್ಥ. ಎರಡು ಗಂಟೆಯ ಮೇಲೆ ಫ್ರೆಂಚ್ ಅಡುಗೆಮನೆ ತೆರೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮತ್ತೆ ಮೇಲೇರಿದೆವು. ಸೈಕಲ್ ದಾರಿಗೆ ಅವರ ಗುರುತು ಒಂದು ತ್ರಿಕೋನ, ಎರಡು ದುಂಡು. ಪಕ್ಕದಲ್ಲಿ ದಾರಿಯ ಸಂಖ್ಯೆ, ಅದರ ಬಣ್ಣದಲ್ಲಿ ಕಷ್ಟದ ಅಳತೆ: ಹಸಿರು ಅತಿ ಸುಲಭ, ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಅತಿ ಕಷ್ಟ. ಕವಲಿನಲ್ಲಿ ಹಳದಿ ತ್ರಿಕೋನದ ಪಕ್ಕ ಕೆಂಪು ಬಣ್ಣ ಕಂಡಿದ್ದೇ ತಡ, ಗೆಳೆಯ “ನಮ್ಮ ಬಾವುಟ!” ಎಂದು ಅತ್ತ ತಿರುಗಿಸಿಯೇಬಿಟ್ಟ. ಗುರುತು ಎತ್ತ ತೋರಿಸುತ್ತದೋ ಅತ್ತ ಹೋಗಬೇಕು. ನಾವು ಅದನ್ನು ಉಲ್ಟಾ ಓದಿದೆವು. ಮುಕ್ಕಾಲು ಗಂಟೆ ಕಲ್ಲುಗುಡ್ಡದಲ್ಲಿ ಸೈಕಲ್ ಹೊತ್ತು, ದಬ್ಬಿ, ಬೈದು ಒಂದು ಕುರಿಮಂದೆಯ ಹತ್ತಿರ ಬಂದೆವು. ಈ ಸೀಮೆಯ ಕುರಿಗಳಿಗೆ ಮೈಯೆಲ್ಲ ಬಿಳಿ, ಕಿವಿ ಮತ್ತು ಕಣ್ಣ ಸುತ್ತ ಮಾತ್ರ ಕಪ್ಪು, ಕಾಡಿಗೆ ತೀಡಿದ ಹಾಗೆ.

“ಎಷ್ಟ್ ಚೆಂದ ಅದಾವಲೇ” ಅಂದ ಗೆಳೆಯ.

“ಆಗಲೂ ಇದನ್ನೇ ಅಂದೆ ಕಣೋ. ಇವು ಅವೇ ಕುರಿ.”

ಕುರಿಗಳೂ ನಮ್ಮನ್ನು ಗುರುತು ಹಿಡಿದಂತಿತ್ತು.

ಅಲ್ಲಿಂದ ಸರಿದಾರಿ ಹುಡುಕುವಾಗ ಎದುರಾದವರು ಬೇಟೆಗಾರರು. ಇದು ಬೇಟೆಯ ಕಾಲ. ಕಿತ್ತಳೆ ಅಂಗಿ, ಹೆಗಲಲ್ಲಿ ಕೋವಿ, ಕಾಡುಹಂದಿಗೆ ಕಾಯುತ್ತಿದ್ದರು. ಕಂದುಬಣ್ಣದ ಜಾಕೆಟ್ಟಿನಲ್ಲಿ, ಕೆಸರು ಮೆತ್ತಿಕೊಂಡು, ಪೊದೆ ಅಲುಗಿಸಿಕೊಂಡು ಬರುತ್ತಿದ್ದ ನನಗೂ ಹಂದಿಗೂ ಇದ್ದ ವ್ಯತ್ಯಾಸ ಸೈಕಲ್ಲೊಂದೇ. ಕಾಪಾಡಿದ್ದು ಗೆಳೆಯನ ಶಲ್ಯ. ಅದನ್ನು ಕಂಡು ಒಬ್ಬ ನಕ್ಕ: “ಪರ್ಪಿನ್ಯಾ?” ಪರ್ಪಿನ್ಯಾ ಎಂಬ ಊರಿನ ರಗ್ಬಿ ತಂಡದ ಬಣ್ಣವೂ ಹಳದಿ-ಕೆಂಪು. “ಕರ್ನಾಟಕ” ಅಂದ ಗೆಳೆಯ, ಎದೆಯುಬ್ಬಿಸಿ. ಇದು ಯಾವ ತಂಡವೋ ಎಂದು ಅವನು ಹುಬ್ಬೇರಿಸುವಷ್ಟರಲ್ಲಿ ಸೇವಂತಿಗೆ ಕಣ್ಣಿಗೆ ಬಿತ್ತು. ನಗು ಇಳಿಯಿತು. ಟೋಪಿ ತೆಗೆದ. ಉಳಿದವರೂ ತೆಗೆದರು. ನಾವು ದಾಟುವವರೆಗೂ ಯಾರೂ ಉಸಿರೆತ್ತಲಿಲ್ಲ, ನಾಯಿಗಳೂ ಸಹ. “ರಾಜ್ಯೋತ್ಸವ ಅಂದ್ರ ಹಿಂಗಿರಬೇಕ್ ನೋಡಲೇ” ಅಂದ ಗೆಳೆಯ.

ಬೂಝಿಯೆಸ್ ಹತ್ತಿರ ದಾರಿ ನದಿಗೆ ಇಳಿಯುತ್ತದೆ. ಹಿಂದೆ ದೋಣಿಗಳನ್ನು ಹಗ್ಗ ಕಟ್ಟಿ ದಂಡೆಯಿಂದ ಎಳೆಯುತ್ತಿದ್ದರಲ್ಲ, ಅದಕ್ಕೆಂದು ಬಂಡೆಯ ಹೊಟ್ಟೆಯನ್ನೇ ಕೊರೆದು ಮಾಡಿದ ಕಾಲುದಾರಿ. ತಲೆಯ ಮೇಲೆ ಬಂಡೆ, ಪಕ್ಕದಲ್ಲಿ ನೀರು, ಬೇಲಿಯಿಲ್ಲ. ಎಡಗೈಯ ಮೇಲೆ ನನಗೆ ನಂಬಿಕೆ ಹೋಗಿದ್ದರಿಂದ ಇಳಿದು ತಳ್ಳಿದೆ. ಸಂಜೆಬೆಳಕಿನಲ್ಲಿ ನದಿ ಹಸಿರಾಗಿ, ಅಲ್ಲಾಡದೆ ನಿಂತಂತಿತ್ತು. ದಿನವಿಡೀ ಬಾಯಿ ಮುಚ್ಚದಿದ್ದ ಗೆಳೆಯನೂ ಅಲ್ಲಿ ಮಾತಾಡಲಿಲ್ಲ. ಮುಂದೆ ಬಂಡೆಯ ನೆತ್ತಿಯ ಮೇಲೆ ಸ್ಯಾಂ ಸೀರ್ ಲಪೋಪಿ. ಫ್ರೆಂಚರು 2012ರಲ್ಲಿ ತಮ್ಮ ಮೆಚ್ಚಿನ ಹಳ್ಳಿ ಎಂದು ಆರಿಸಿದ ಊರು. ಅದನ್ನು ಕೆಳಗಿನಿಂದಲೇ ನೋಡಿ ಕೈಮುಗಿದೆ. ಹತ್ತುವ ಮಂಡಿ ಉಳಿದಿರಲಿಲ್ಲ.

ನಮ್ಮ ಹಳ್ಳಿಮನೆ ಇನ್ನೂ ಸ್ವಲ್ಪ ಮುಂದೆ. ಮಾದಾಂ ಬಾಗಿಲಲ್ಲೇ ಇದ್ದರು, ಎಪ್ಪತ್ತರ ಆಸುಪಾಸು. ಗೆಳೆಯ ಕುಂಡ ತೆಗೆದು ಎರಡೂ ಕೈಯಲ್ಲಿ ಮುಂದೆ ಚಾಚಿದ. ಅವರು ತೆಗೆದುಕೊಳ್ಳಲಿಲ್ಲ. ಹೂ ನೋಡಿದರು, ನಮ್ಮನ್ನು ನೋಡಿದರು. “ಓ, ಇಲ್ಲಿ ನಿಮ್ಮವರು ಇದ್ದಾರೆಯೇ? ಕತ್ತಲಾಗುವ ಮುಂಚೆ ಬನ್ನಿ” ಎಂದು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಊರ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದಾರೆ ಎಂದುಕೊಂಡು ಹಿಂದೆ ನಡೆದೆವು.

ಕಬ್ಬಿಣದ ಗೇಟು ತೆರೆಯಿತು. ಒಳಗೆ ಸಮಾಧಿಗಳ ಸಾಲು. ಪ್ರತಿ ಸಮಾಧಿಯ ಮೇಲೂ ಸೇವಂತಿಗೆ ಕುಂಡ: ಹಳದಿ, ಬಿಳಿ, ಕಡುಗೆಂಪು.

ಸೇತುವೆಯ ಮೇಲಿನ ದಂಪತಿ, ಕುರ್ಚಿ ಇಳಿಸಿದ ಒಡತಿ, ಟೋಪಿ ತೆಗೆದ ಬೇಟೆಗಾರರು ಒಬ್ಬೊಬ್ಬರಾಗಿ ನನ್ನ ಕಣ್ಣ ಮುಂದೆ ಹಾದುಹೋದರು.

“ಲೇ,” ಗೆಳೆಯ ಪಿಸುಗುಟ್ಟಿದ, “ಇದು ಸತ್ತೋರ ಹೂ ಅಲೇ.”

ಮಾದಾಂ ಕಾಯುತ್ತಿದ್ದರು. ಗೋಡೆಯ ಮೂಲೆಯಲ್ಲಿ ಪಾಚಿ ಹಿಡಿದ ಒಂದು ಹಳೇ ಕಲ್ಲು. ಹೆಸರು ಸವೆದುಹೋಗಿತ್ತು, ಹೂವೂ ಇರಲಿಲ್ಲ. ಗೆಳೆಯ ನೆಟ್ಟಗೆ ಅಲ್ಲಿಗೆ ಹೋಗಿ ಕುಂಡ ಇಟ್ಟು, ಶಲ್ಯ ಸರಿಮಾಡಿಕೊಂಡು ನಿಂತ.

“ನಿಮಗೆ ಏನಾಗಬೇಕು?” ಮಾದಾಂ ಮೆಲ್ಲಗೆ ಕೇಳಿದರು.

“ದೂರದ ಸಂಬಂಧ” ಅಂದ, ತನಗೆ ಬರುವ ಅಷ್ಟೇ ಫ್ರೆಂಚಿನಲ್ಲಿ.

ಮಾದಾಂ ಎದೆಯ ಮೇಲೆ ಶಿಲುಬೆಯ ಸನ್ನೆ ಮಾಡಿಕೊಂಡರು. ನಾನು ಶೂ ಬಿಡೋಣವೆಂದು ಬಗ್ಗಿದೆ. ಕೆಸರು ಒಣಗಿ ಲೇಸು ಕಗ್ಗಂಟಾಗಿತ್ತು.