ಅಜ್ಜಿಯ ‘ಸಂಕಟ’ಕ್ಕೆ ಇಂಗ್ಲಿಷ್ ಪದ ಸಿಗಲಿಲ್ಲ

ಎಂಬಿಬಿಎಸ್ ಮುಗಿಸಿ ಸ್ಪೆಷಲಿಸ್ಟ್ ಆಗಲು ಓದುವ ಪಿಜಿಯ ಮೊದಲ ವರ್ಷ. ಬೆಳಗಿನ ರೌಂಡ್ಸ್. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ರಾತ್ರಿ ಅಡ್ಮಿಟ್ ಆಗಿದ್ದರು. "ನೋವೇನಿಲ್ಲ ಮಗಾ, ಎದೇಲಿ ಒಂಥರಾ ಸಂಕಟ. ಬೆವರು ಕಿತ್ಕೊಂಡು ಬಂತು" ಅಂದಿದ್ದರು. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್.

ಬೆಳಿಗ್ಗೆ ಪ್ರೊಫೆಸರ್ ಮುಂದೆ ಆ ‘ಸಂಕಟ’ವನ್ನು ಇಂಗ್ಲಿಷಿನಲ್ಲಿ ಹೇಳಲು ತಡವರಿಸಿದೆ. ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. "ಮೊದಲು ಇಂಗ್ಲಿಷ್ ಕಲಿತು ಬಾ" ಎಂದು ಎಲ್ಲರ ಎದುರೇ ಬೈದರು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಅಜ್ಜಿಯ ಮುಖ ನೋಡಿ. ಹತ್ತು ನಿಮಿಷ ಅವರ ಬಗ್ಗೆಯೇ ಮಾತಾಡಿದೆವು. ಅವರಿಗೆ ಒಂದು ಮಾತೂ ಅರ್ಥವಾಗಲಿಲ್ಲ. ತಾವೇ ತಪ್ಪು ಮಾಡಿದ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ವೈದ್ಯಕೀಯಕ್ಕೆ ಈ ಇಂಗ್ಲಿಷ್ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. 1822ರಲ್ಲಿ ಕಲ್ಕತ್ತಾದಲ್ಲಿ ದೇಶಭಾಷೆಗಳಲ್ಲಿ ವೈದ್ಯಕೀಯ ಕಲಿಸುವ ಶಾಲೆ ಶುರುವಾಗಿತ್ತು. 1835ರಲ್ಲಿ ಸರ್ಕಾರ ಅದನ್ನು ಮುಚ್ಚಿ, ಇಂಗ್ಲಿಷಿನಲ್ಲಿ ಕಲಿಸುವ ಮೆಡಿಕಲ್ ಕಾಲೇಜು ತೆರೆಯಿತು. ಮುಂದೆ ಸರ್ಕಾರಿ ಕಾಲೇಜುಗಳ ಪ್ರೊಫೆಸರ್ ಹುದ್ದೆಗಳು ಹೆಚ್ಚಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬ ಬ್ರಿಟಿಷ್ ಆಡಳಿತದ ವೈದ್ಯಾಧಿಕಾರಿಗಳ ದಳದವರ ಪಾಲಾದವು. 1855ರಲ್ಲಿ ಭಾರತೀಯರೂ ಅದರ ಪರೀಕ್ಷೆ ಬರೆಯಬಹುದು ಎಂದರು. ಆದರೆ ಬರೆಯಬೇಕಾದ್ದು ಲಂಡನ್ನಿಗೆ ಹೋಗಿ! ಹಡಗಿಗೆ ದುಡ್ಡಿಲ್ಲದವರು ಎಷ್ಟು ಜಾಣರಾದರೇನು?

ಇದನ್ನು ಎದುರಿಸಿದವರೂ ಇದ್ದರು. ಮುಂಬೈಯಲ್ಲಿ 1926ರಲ್ಲಿ ಸೇಠ್ ಗೋರ್ಧನ್‌ದಾಸ್ ಸುಂದರ್‌ದಾಸ್ ಮೆಡಿಕಲ್ ಕಾಲೇಜು ಶುರುವಾಯಿತು. ಪಾಠ ಮಾಡುವವರೆಲ್ಲ ಭಾರತೀಯರೇ ಆಗಿರಬೇಕು ಎಂದು ದಾನಿಗಳು ಷರತ್ತು ಹಾಕಿದ್ದರು. ಓದಿದಾಗ ಕಣ್ಣು ತುಂಬಿತು. ನಮ್ಮ ನೆಲದಲ್ಲಿ ನಮ್ಮವರು ಪಾಠ ಮಾಡಲು ಷರತ್ತು ಹಾಕಬೇಕಾಗಿತ್ತು, ಅಲ್ವಾ? ಅಷ್ಟಾದರೂ 1930ರಲ್ಲಿ ವೈದ್ಯಕೀಯ ಡಿಗ್ರಿಗಳಿಗೆ ಮಾನ್ಯತೆ ಕೊಡುವ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ನಮ್ಮ ಡಿಗ್ರಿಗಳ ಮಾನ್ಯತೆ ತೆಗೆದುಹಾಕಿತು. ನಮ್ಮದೇ ಕೌನ್ಸಿಲ್‌ಗೆ ಕಾನೂನು ಬಂದದ್ದು 1933ರಲ್ಲಿ.

ಈಗ ಯಾರೂ ಹಡಗು ಹತ್ತಬೇಕಿಲ್ಲ. ಎಂಬಿಬಿಎಸ್‌ಗೆ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಸ್ಪೆಷಲಿಸ್ಟ್ ಆಗಲು ಬರೆಯುವ ನೀಟ್ ಪಿಜಿ ಇಂಗ್ಲಿಷಿನಲ್ಲಿ ಮಾತ್ರ. ಸರ್ಕಾರಿ ಸೀಟು ತಪ್ಪಿದರೆ ಮ್ಯಾನೇಜ್‌ಮೆಂಟ್ ಸೀಟು, ವರ್ಷಕ್ಕೆ ಲಕ್ಷಗಟ್ಟಲೆ ಫೀಸು. ನನ್ನ ಜೊತೆ ಓದಿದ, ನನಗಿಂತ ಚುರುಕಾಗಿದ್ದ ರೈತನ ಮಗನೊಬ್ಬ ಅಲ್ಲೇ ನಿಂತುಬಿಟ್ಟ.

ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ನಾನು ಓದಿದ್ದು ಅದರಲ್ಲೇ, ಹೊಸ ಸಂಶೋಧನೆ ಹೆಚ್ಚಾಗಿ ಬರುವುದೂ ಅದರಲ್ಲೇ. ಆದರೆ ರೋಗಿಯ ತೊಂದರೆಯನ್ನು ಅವರ ಮಾತಿನಲ್ಲೇ ಬರೆಯಿರಿ ಎಂದು ನಮ್ಮ ಪಠ್ಯಗಳೇ ಹೇಳುತ್ತವೆ. ಹಾಗಿದ್ದರೆ ರೋಗಿಯ ವಿವರ ಬರೆಯುವ ಕೇಸ್ ಶೀಟಿನ ಮೊದಲ ಸಾಲು ಕನ್ನಡದಲ್ಲಿ ಯಾಕಿರಬಾರದು? ಸಂಕಟ, ಜೋಮು, ತೊಳಸು, ಸೆಳೆತ ಬೇರೆ ಬೇರೆ. ಪಿಜಿ ಪ್ರಾಕ್ಟಿಕಲ್‌ನಲ್ಲಿ ಕಾಯಿಲೆಯನ್ನು ರೋಗಿಗೆ ಅವರ ಭಾಷೆಯಲ್ಲಿ ವಿವರಿಸುವುದಕ್ಕೂ ಅಂಕ ಇಡಲಿ. ಎದುರಿಗೆ ಕೂತ ರೋಗಿಗೆ ಅರ್ಥವಾಯಿತೋ ಇಲ್ಲವೋ, ಪರೀಕ್ಷಕರು ಅವರನ್ನೇ ಕೇಳಲಿ.